ಒಂದು ತೊಟ್ಟು ಹೆಚ್ಚಿಗೆ

ಗಾಡಿಯ ಸ್ಪಾರ್ಕ್ ಪ್ಲಗ್ಗಿನ ತುದಿ ಮತ್ತೆ ಬೆಳ್ಳಗೇ ಇತ್ತು. ಮೆಕ್ಯಾನಿಕ್ ಚೆಲುವರಾಜು ಅದನ್ನು ಬಟ್ಟೆಯಲ್ಲಿ ಹಿಡಿದು ಬಿಸಿಲಿಗೊಮ್ಮೆ ತಿರುಗಿಸಿದ, ನೆರಳಿಗೊಮ್ಮೆ ತಿರುಗಿಸಿದ, ಬೆಳಕಿನ ತಪ್ಪಿರಬಹುದು ಅಂದುಕೊಂಡು ಅಂಗಡಿಯೊಳಗೆ ಹೋಗಿ ಬಲ್ಬಿನ ಕೆಳಗೂ ನೋಡಿದ. ಬಿಳುಪು ಬಿಳುಪೇ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಬಿಳುಪು. ಎಂಜಿನ್ನು ಹದವಾಗಿ ಉರಿದಿದ್ದರೆ ಅಲ್ಲಿ ಹುರಿದ ಹುರುಳಿಕಾಳಿನ ಬಣ್ಣ ಕೂರಬೇಕಿತ್ತು. ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ ಅಂತ ಈ ಬಿಳುಪು ಹೇಳುತ್ತಿತ್ತು. ಹಾಗೆ ಉರಿಯುವ ಎಂಜಿನ್ನು ಒಳಗೊಳಗೇ ಕಾದು, ಪಿಸ್ಟನ್ನು ಉಬ್ಬಿ, ಓಡುತ್ತಾ ಓಡುತ್ತಲೇ ಒಂದು ಕ್ಷಣದಲ್ಲಿ ಕಚ್ಚಿಕೊಂಡುಬಿಡುತ್ತದೆ. ಹಿಂದಿನ ಚಕ್ರಕ್ಕೆ ಬೀಗ ಬಿದ್ದ ಹಾಗೆ. ಅದು ಹೇಗಿರುತ್ತದೆ ಎಂದು ರಾವಂದೂರಿನಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅಂಗಡಿಯ ಮುಂದೆ ಮರದ ಪೆಟ್ಟಿಗೆಯ ಮೇಲೆ, ಮಡಚಲಾಗದ ಬಲಗಾಲನ್ನು ಗಳುವಿನ ಹಾಗೆ ಮುಂದಕ್ಕೆ ಚಾಚಿ ಕೂತಿದ್ದ ಯತೀಶನೇ ಅದರ ವಿವರಣೆಯಾಗಿದ್ದ.

"ಏನಂತ್ಲಾ ಪ್ಲಗ್ಗು?" ಎಂದ ಯತೀಶ. "ಅದೂ ನಿನ್ ತರವೇ, ಬಾಯಿ ಬುಡಕಿಲ್ವಾ?"

"ಸುಮ್ಕಿರ್ಲಾ, ನೋಡ್ತಾವ್ನಿ."

"ನೋಡು ನೋಡು. ಬೆಳಿಗ್ಗಿಂದ ಅದ್ನೇ ಮಾಡ್ತಾ ಇದೀಯ. ನಾನು ಹೆಣ್ಣು ನೋಡಕ್ಕೋದಾಗ್ಲೂ ಇಷ್ಟೊತ್ತು ನೋಡ್ನಿಲ್ಲ ಕಣ."

ಗಾಡಿ ಯತೀಶನ ಅಪ್ಪನ ಕಾಲದ ರಾಜದೂತ್ ತ್ರೀಫಿಫ್ಟಿ ಬೈಕು. ಅದರಲ್ಲಿ ಎಲ್ಲವೂ ಜೋಡಿ: ಎರಡು ಸಿಲಿಂಡರು, ಎರಡು ಕಾರ್ಬುರೇಟರು, ಎರಡು ಸೈಲೆನ್ಸರು. ಯತೀಶ ಅದರಿಂದ ಬಿದ್ದ ಮೇಲೆ ಆರೇಳು ವರ್ಷ ಗಾಡಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದಾಗ ಹಳೆಯ ಸೈಲೆನ್ಸರುಗಳನ್ನು ತುಕ್ಕು ತಿಂದು ಮುಗಿಸಿತ್ತು. ಈಗ ಆ ಜಾಗದಲ್ಲಿ ಯತೀಶ ಮೊಬೈಲಿನಲ್ಲಿ ನೋಡಿ ನೋಡಿ ಆಸೆಪಟ್ಟು ತರಿಸಿದ ಚೇಂಬರುಗಳು: ನಡುವೆ ಬಸುರಿಯ ಹೊಟ್ಟೆಯಂತೆ ಉಬ್ಬಿ, ತುದಿಯಲ್ಲಿ ಇಲಿಬಾಲದಂತೆ ಸಣ್ಣಗಾಗುವ ಕೊಳವೆಗಳು. ಕೂರಿಸುವುದೇನೋ ಸುಲಭವಾಗಿತ್ತು. ಆದರೆ ಹೊಗೆ ಹೋಗುವ ದಾರಿ ಸಲೀಸಾದರೆ ಒಳಗೆ ಬರುವ ಗಾಳಿಯೂ ಜಾಸ್ತಿ, ಆ ಗಾಳಿಗೆ ಸರಿಯಾಗಿ ಪೆಟ್ರೋಲೂ ಜಾಸ್ತಿ ಬೇಕು. ಅದನ್ನು ಅಳೆದು ಬಿಡುವುದು ಕಾರ್ಬುರೇಟರಿನೊಳಗಿನ ಜೆಟ್ಟು, ಸೂಜಿಯ ಮೊನೆ ತೂರುವಷ್ಟು ತೂತಿರುವ ಹಿತ್ತಾಳೆಯ ಚೂರು. ಬೆಳಿಗ್ಗೆಯೇ ಚೆಲುವರಾಜು ದೊಡ್ಡ ತೂತಿನ ಜೆಟ್ಟು ಹಾಕಿದ್ದ. ಬಿಳುಪು. ಅದಕ್ಕಿಂತ ದೊಡ್ಡದು ಹಾಕಿದ. ಬಿಳುಪು. ಪ್ರತಿ ಸಲವೂ ಶಾಲೆಯ ತಿರುವಿನವರೆಗೆ ಹೋಗುವುದು, ವಾಪಸ್ಸು ಬಂದು ಪ್ಲಗ್ಗು ಬಿಚ್ಚುವುದು. ತಿರುವಿನಿಂದಾಚೆ ಕೆರೆ ಏರಿಯ ನೇರ ರಸ್ತೆ. ಅಲ್ಲಿ ಪೂರ್ತಿ ರೇಸು ಕೊಟ್ಟು ನೋಡದ ಹೊರತು ಯಾವ ಟ್ಯೂನಿಂಗೂ ಮುಗಿದಂತಲ್ಲ ಎಂದು ಅವನಿಗೆ ಗೊತ್ತಿತ್ತು. ತಾನು ಅಲ್ಲಿಗೆ ಹೋಗುತ್ತಿಲ್ಲವೇಕೆ ಎಂಬುದೂ ಗೊತ್ತಿತ್ತು.

ಕಾರಣ ಆ ಏರಿಯ ಮೇಲೆ ಒಂದು ಕಾಲನ್ನು ಗಾಡಿಯ ಕೆಳಗೆ ಸಿಕ್ಕಿಸಿಕೊಂಡು ಇನ್ನೂ ಬಿದ್ದುಕೊಂಡೇ ಇತ್ತು. ಅವತ್ತು ಯತೀಶ ಕೂಗಲಿಲ್ಲ, ನಗಲು ನೋಡಿದ, ಅದೇ ಚೆಲುವರಾಜುವಿನ ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು. ಡಾಂಬರಿನ ಮೇಲೆ ಟೈರು ಎಳೆದಿದ್ದ ಕರೀ ಗೆರೆ, ಅದರ ಕೊನೆಯಲ್ಲಿ ನಗಲು ನೋಡುತ್ತಿದ್ದ ಒಂದು ಮುಖ. ಆಮೇಲೆ ಊರು ತೀರ್ಪು ಕೊಟ್ಟಿತು: ಚೆಲುವ ಆಯಿಲ್ಲು ಕಮ್ಮಿ ಹಾಕಿ ಕೊಟ್ಟಿದ್ದನಂತೆ. ಆಯಿಲ್ ಪಂಪು ತೆಗೆಸಿದ್ದ ಈ ಗಾಡಿಗೆ ಪೆಟ್ರೋಲಿನ ಜತೆಗೇ ಆಯಿಲ್ಲು ಬೆರೆಸಬೇಕು ಎಂದು ಎಲ್ಲರಿಗೂ ಗೊತ್ತು, ಹಾಗಾಗಿ ಎಲ್ಲರಿಗೂ ಅರ್ಥವಾಗುವ ತಪ್ಪು ಅದು. ಅಲ್ಲಿಂದೀಚೆಗೆ ಸ್ಕೂಟರು ಬಿಡಲು ಬಂದವರು "ಆಯಿಲ್ ಒಂದು ನೋಡ್ಬುಡಣ್ಣಾ" ಎಂದು ತುಟಿಯಂಚಿನಲ್ಲಿ ನಗುತ್ತಿದ್ದರು; ಸೈಕಲ್ಲಿಗೆ ಗಾಳಿ ಹಿಡಿಯಲು ಬಂದವನೊಬ್ಬನೂ ಹಾಗೇ ಅಂದು ನಕ್ಕಿದ್ದ. ಆಯಿಲ್ಲು ಅವತ್ತು ಸರಿಯಾಗಿಯೇ ಇತ್ತು. ಆದರೆ ಅದನ್ನು ಹೇಳಹೊರಟರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು: ಕಾರ್ಬುರೇಟರು ಬಿಚ್ಚಿ ತೊಳೆದು ಕೂರಿಸಿದವನು, ನಿಂತ ಗಾಡಿಯ ಸದ್ದನ್ನೇ ಅಂಗಡಿಯ ಮುಂದೆ ಕೇಳಿ, ನಾಲ್ಕು ಜನ ಸುತ್ತ ನಿಂತು ಭೇಷ್ ಅನ್ನುತ್ತಿದ್ದ ಗುಂಗಿನಲ್ಲಿ, ರಸ್ತೆಗೆ ಒಯ್ದು ನೋಡದೆಯೇ "ಆಯ್ತು ತಗಂಡೋಗ್ಲಾ" ಎಂದಿದ್ದ. ಊರು ಹೊರಿಸಿದ ಸಣ್ಣ ತಪ್ಪಿನ ಕೆಳಗೆ ತನ್ನ ದೊಡ್ಡ ತಪ್ಪು ತಣ್ಣಗೆ ಮಲಗಿರಲಿ ಎಂದು ಅವನು ಸುಮ್ಮನಾಗಿದ್ದ. ಅಷ್ಟೇ ಅಲ್ಲ, ಮಾಡದ ತಪ್ಪಿಗೆ ಊರೆದುರಿಗೇ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಲೂ ಬಂದಿದ್ದ. ಯಾರ ಗಾಡಿಗೇ ಆಗಲಿ ಅಳತೆಯ ಆಯಿಲ್ಲು ಸುರಿದ ಮೇಲೆ, ನೋಡುವವರು ನೋಡಲಿ ಎಂದು, ಕೈಯನ್ನು ಇನ್ನೊಂದಿಷ್ಟು ಬಗ್ಗಿಸುತ್ತಿದ್ದ.

ಸ್ಕೂಟರು ಬಂದು ನಿಂತ ಸದ್ದಿಗೆ ತಲೆಯೆತ್ತಿದ. ಯತೀಶನ ಹೆಂಡತಿ ರೂಪಶ್ರೀ. ಡೈರಿಗೆ ಹಾಲು ಹಾಕಿ ಬಂದವಳು ಖಾಲಿ ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡೇ, ಸ್ಕೂಟರಿನಿಂದ ಇಳಿಯದೆ, ಗಂಡನನ್ನಲ್ಲ, ಗಾಡಿಯನ್ನೂ ಅಲ್ಲ, ಚೆಲುವರಾಜುವಿನ ಕೈಯನ್ನು ನೋಡಿದಳು. ಕೈ ತಾನಾಗಿ ಪ್ಲಗ್ಗನ್ನು ಮುಚ್ಚಿಕೊಂಡಿತು.

"ಆಯ್ತಾ?"

"ಆಯ್ತಾ ಅದೆ."

"ಆಯ್ತಾ ಅದೆ ಅನ್ನೋದು ಬೇಡ ಕಣ್ರೀ. ಆಗುತ್ತೋ ಆಗಲ್ವೋ ಅದ್ನ ಹೇಳಿ. ನಾಳೆ ಬೆಳಿಗ್ಗೆ ಸಾಲಿಗ್ರಾಮದ ಗುಜರಿಯೋನು ಟೆಂಪೋ ತಗಂಡ್ ಬತ್ತೀನಿ ಅಂದವ್ನೆ. ಬಿಚ್ಚಿ ಸಾಮಾನು ಮಾರ್ಕತಾನಂತೆ. ಇವತ್ತು ಸರಿಯಾದ್ರೆ ಮನೇಲಿರ್ಲಿ, ಇಲ್ದಿದ್ರೆ ಓಗ್ಲಿ. ಅರ್ಧಂಬರ್ಧ ಗಾಡೀನ ಇವ್ರ ಕೈಗೆ ಇನ್ನೊಂದ್ಸಲಿ ಮಾತ್ರ ಕೊಡ್ಬೇಡಿ."

"ಅವ್ನೇನ್ ಮಾಡ್ತಾನೆ ಬುಡೆ," ಎಂದ ಯತೀಶ. "ಚೇಂಬರ್ ಹೊಸ್ದು, ಅದುಕ್ಕೂ ಇವ್ನುಗೂ ಇನ್ನೂ ಪರಿಚಯ ಆಗ್ಬೇಕು."

"ನೀವು ಸುಮ್ನಿರಿ. ನಿಮ್ಮನ್ನ ಹಿಂದ್ಗಡೆ ಕೂರುಸ್ಕಂಡು ಊರೆಲ್ಲ ಸುತ್ಸೋಳು ನಾನು."

ಯತೀಶ ನಕ್ಕ. ಅವಳು ನಗಲಿಲ್ಲ. ಚೆಲುವರಾಜುವಿಗೆ ಆ ನಗು ಯಾವುದೆಂದು ಗೊತ್ತಿತ್ತು. ಡಾಂಬರಿನ ಮೇಲೆ ಬಿದ್ದುಕೊಂಡು ನಗಲು ನೋಡಿದ್ದ ಮುಖ ಆರೇಳು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದಿತ್ತು. ಹೆಂಡತಿಯ ಸ್ಕೂಟರಿನ ಹಿಂದೆ, ಕಾಲನ್ನು ಪಕ್ಕಕ್ಕೆ ಚಾಚಿಕೊಂಡು, ಎದುರಿಗೆ ಸಿಕ್ಕವರಿಗೆ ತಾನೇ ಮೊದಲು ಒಂದು ತಮಾಷೆ ಎಸೆದು ಹೋಗುತ್ತಿದ್ದ ಯತೀಶ. ಸಾಮಾನು ಮಾರ್ಕತಾನಂತೆ. ಗಾಡಿಯ ಒಂದೊಂದು ಭಾಗವೂ ಕೆ.ಆರ್. ನಗರದ, ಹುಣಸೂರಿನ, ಇನ್ಯಾವುದೋ ಊರಿನ ಗಾಡಿಗಳಿಗೆ ಹಂಚಿಹೋಗುವುದು ಕಣ್ಣಿಗೆ ಬಂತು. ಆಮೇಲೆ ಯತೀಶನಿಗೆ ಈ ಅಂಗಡಿಗೆ ಬರಲು ಒಂದು ನೆಪವೂ ಇರುವುದಿಲ್ಲ, ತನಗೆ ಅವನ ಕಾಲನ್ನು ನೋಡದೇ ಇರಲೂ ಒಂದು ನೆಪ ಸಿಗುತ್ತದೆ. ಆ ಯೋಚನೆಯಲ್ಲಿ ಒಂದು ಕ್ಷಣ ಹಾಯೆನಿಸಿತು. ಹಾಯೆನಿಸಿದ್ದಕ್ಕೇ ನಾಚಿಕೆಯಾಗಿ, ಮಂಡಿಯೂರಿ ಕಾರ್ಬುರೇಟರು ಬಿಚ್ಚಲು ಕೂತ.

ಡಬ್ಬಿಯಲ್ಲಿದ್ದ ಅತಿ ದೊಡ್ಡ ಜೆಟ್ಟನ್ನು ಎರಡಕ್ಕೂ ಹಾಕಿದ. ಎರಡೂ ಕಾರ್ಬುರೇಟರಿನ ಬಾಯಿಗೆ ಒಂದೊಂದು ಬೆರಳಿಟ್ಟು, ಯತೀಶನಿಗೆ ರೇಸು ತಿರುಗಿಸಲು ಹೇಳಿ, ಒಳಗಿನ ಬಾಗಿಲುಗಳು ಒಟ್ಟೊಟ್ಟಿಗೆ ಏಳುತ್ತವೆಯೇ ಎಂದು ನೋಡಿದ. ಅವಳಿ ಕೂಸುಗಳಿಗೆ ಹಲ್ಲು ಬಂದಿದೆಯೇ ಎಂದು ಬೆರಳಿಟ್ಟು ನೋಡುವ ಹಾಗೆ. ಎರಡೂ ಸಮ. ಕಿಕ್ಕರು ತುಳಿದ. ಚೇಂಬರುಗಳು ಗಂಟಲು ಹರಿದುಕೊಂಡವು, ಬಸ್ ನಿಲ್ದಾಣದ ನಾಯಿ ಎದ್ದು ಜಾಗ ಬದಲಿಸಿತು, ಹಿಂದೆ ನೀಲಿ ಹೊಗೆ ಮೋಡವಾಗಿ ನಿಂತಿತು. ಶಾಲೆಯ ತಿರುವಿನವರೆಗೆ ಹೋದ. ರೇಸು ಅರ್ಧ ದಾಟಿದ ಕೂಡಲೇ ಗಾಡಿ ಮತ್ತೆ ಗೊಗ್ಗರು ದನಿಯಲ್ಲಿ ತಡವರಿಸಿತು. ವಾಪಸ್ಸು ಬಂದು ಪ್ಲಗ್ಗು ಬಿಚ್ಚಿದ.

ಬಿಳುಪು. ಆದರೆ ಈ ಸಲ ಅವನು ತುದಿಯನ್ನು ಬಿಟ್ಟು ಅಂಚನ್ನು ನೋಡಿದ. ಅಂಚಿನ ಸುತ್ತ ಕರಿ ಜಿಡ್ಡು, ಮುಟ್ಟಿದರೆ ಬೆರಳಿಗೆ ಹತ್ತುವಷ್ಟು. ತುದಿ ಉಪವಾಸ ಅನ್ನುತ್ತಿತ್ತು, ಅಂಚು ಹೊಟ್ಟೆ ಬಿರಿಯ ತಿಂದಿದ್ದೇನೆ ಅನ್ನುತ್ತಿತ್ತು. ಒಂದೇ ಪ್ಲಗ್ಗು ಎರಡು ಮಾತಾಡುವುದನ್ನು ಅವನು ಕಂಡಿರಲಿಲ್ಲ. ಕಂಡಿದ್ದ ಬಹುಶಃ, ಬೆಳಿಗ್ಗೆಯಿಂದಲೂ ಇದ್ದಿರಬೇಕು, ಬಿಳುಪಿನ ಭಯದಲ್ಲಿ ಅಂಚು ಕಾಣದೇ ಹೋಗಿತ್ತು. ಕಾರ್ಬುರೇಟರಿನ ತಳದ ಬಟ್ಟಲನ್ನು ಬಿಚ್ಚಿ ಅದರಲ್ಲಿದ್ದದ್ದನ್ನು ಅಂಗೈಗೆ ಸುರಿದುಕೊಂಡ. ಪೆಟ್ರೋಲು ಅಂಗೈಯಲ್ಲಿ ನಿಲ್ಲುವುದಿಲ್ಲ, ತಣ್ಣಗೆ ಕಚಗುಳಿಯಿಟ್ಟು ಹಾರಿಹೋಗುತ್ತದೆ. ಇದು ನಿಂತಿತು. ಬೆರಳಲ್ಲಿ ಉಜ್ಜಿದರೆ ಜಾರಿತು, ಜಾರುತ್ತಲೇ ಇತ್ತು, ಅವ್ವ ಹರಳೆಣ್ಣೆ ಸುರಿಯುತ್ತಿದ್ದ ನೆತ್ತಿಯ ಹಾಗೆ. ಜ್ವರ ಬಂದು ಎದ್ದ ಮಗ ಅಂತ ಅವ್ವ ಚಿಕ್ಕಸಿದ್ದಮ್ಮ ಒಂದು ಕೈ ಎಣ್ಣೆಗೆ ಮೂರು ಕೈ ಎಣ್ಣೆ ಹೊಯ್ದು, ತಲೆ ಹೊಡೆದು ಹೊಡೆದು ತಟ್ಟಿ, ಅದು ಕಿವಿಯ ಹಿಂದೆ, ಕತ್ತಿನೊಳಗೆ, ಕಣ್ಣಿಗೆ ಇಳಿದು, ಸೀಗೆಪುಡಿಯಲ್ಲಿ ಉಜ್ಜಿದರೂ ಹೋಗದೆ, ಶಾಲೆಯಲ್ಲಿ ಪಕ್ಕದವರು "ಎಣ್ಣೆ ಗಾಣ ಬಂತು" ಎಂದು ಜರುಗಿ ಕೂರುತ್ತಿದ್ದರು. ಸಾಕು ಬುಡವ್ವ ಅಂದರೆ, ಇರ್ಲಿ ಸುಮ್ಕಿರು, ಜಾಸ್ತಿಯಾದ್ರೆ ಏನ್ ನಷ್ಟ, ತಂಪಾಗಿರ್ತದೆ. ಜಾಸ್ತಿಯಾದ್ರೆ ಏನ್ ನಷ್ಟ. ಅಂಗೈಯಲ್ಲಿದ್ದದ್ದು ಮಣಿಕಟ್ಟಿಗೆ ನಿಧಾನವಾಗಿ ಇಳಿಯುತ್ತಿತ್ತು. ತೂತು ಅಷ್ಟೇ ಇರುವುದು. ಆ ತೂತಿನಲ್ಲಿ ಇಷ್ಟು ಆಯಿಲ್ಲು ಹೋದರೆ ಅಷ್ಟು ಪೆಟ್ರೋಲು ಹೊರಗೇ ಉಳಿಯಿತು. ಎಂಜಿನ್ನು ಕಾಯದೇ ಇರಲಿ ಎಂದು ಸುರಿದದ್ದೇ ಪೆಟ್ರೋಲಿನ ಜಾಗದಲ್ಲಿ ಕೂತು ಎಂಜಿನ್ನನ್ನು ಕಾಯಿಸುತ್ತಿತ್ತು.

ಚೆಲುವರಾಜು ಅಂಗೈಯನ್ನು ಮುಖದ ಹತ್ತಿರ ತಂದ. ಬೆಳಿಗ್ಗೆ ತಾನು ಹೆಚ್ಚಿಗೆ ಹಾಕಿದ್ದು ನಿಜ. ಆದರೂ ತನ್ನ ಕೈ ಬಗ್ಗಿದ್ದು ಇಷ್ಟಲ್ಲ.

"ಲೇ ಯತೀಶ. ಟ್ಯಾಂಕಿಗೆ ಆಯಿಲ್ ಹಾಕುದ್ಯಾ ನೀನು?"

ಯತೀಶ ರಸ್ತೆಯ ಕಡೆ ನೋಡಿದ. "ನಾನಾ? ನಾನ್ಯಾಕ್ ಹಾಕ್ಲಿ?"

"ನನ್ ಮಖ ನೋಡ್ಕಂಡ್ ಹೇಳ್ಲಾ."

"ಒಂದ್ ಪೌಚು ಕಣ. ನಿನ್ನೆ ಬಂಕಿಂದ ಪೆಟ್ರೋಲ್ ತಂದಾಗ. ನೀನು ಹಾಕ್ತೀಯ ಅಂತ ಗೊತ್ತಿತ್ತು, ಆದ್ರೂ..." ಅವನು ಕಾಲನ್ನು ಒಮ್ಮೆ ಸವರಿಕೊಂಡ. "ಆದ್ರೂ ಇರ್ಲಿ ಅಂತ."

"ಒಂದ್ ಪೌಚಿಗೆ ಇಂಗಾಗಕಿಲ್ಲ. ಇದು ಗಾಡಿ ಓಡ್ಸೋ ಪೆಟ್ರೋಲಲ್ಲ, ಬೋಂಡ ಕರಿಯೋ ಎಣ್ಣೆ. ಸರ್ಯಾಗ್ ಹೇಳು."

"ದೇವ್ರಾಣೆ ಒಂದೇ ಕಣ್ಲಾ!"

ಸ್ಕೂಟರಿನ ಮೇಲೆ ಕೂತವಳು ಕ್ಯಾನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಗಂಡಸರಿಬ್ಬರೂ ತನ್ನ ಕಡೆ ತಿರುಗಿದ್ದನ್ನು ಕಂಡು ಮುಖ ಕೆಂಪಗೆ ಮಾಡಿಕೊಂಡಳು.

"ಏನ್ ಅಂಗ್ ನೋಡ್ತೀರಿ? ಹೂಂ, ನಾನೂ ಹಾಕ್ದೆ. ಬೆಳಿಗ್ಗೆ ಮನೆಯಿಂದ ಗಾಡಿ ಆಚೆ ತಳ್ಳೋವಾಗ ಆಯಿಲ್ ಬಾಟ್ಲಿ ಅಲ್ಲೇ ಇತ್ತು. ಅವತ್ತು ಆಯಿಲ್ ಕಮ್ಮಿಯಾಗೇ ಬಿದ್ರು ಅಂತ ಊರೋರೆಲ್ಲ ಅಂತಾರೆ. ಇವ್ರುನ್ನ ನಂಬಕಾಯ್ತದಾ? ನಿಮ್ಮುನ್ನ ನಂಬಕಾಯ್ತದಾ?"

"ಎಷ್ಟ್ ಹಾಕುದ್ರಿ?"

"ಇತ್ತಲ್ಲ ಅಷ್ಟೂ."

ಮೊದಲು ನಕ್ಕವನು ಚೆಲುವರಾಜು. ಅದು ಹೊಟ್ಟೆಯ ತಳದಿಂದ ಎದ್ದು ಬಂತು, ಪ್ಲಗ್ಗು ಬಿಚ್ಚುವ ಪಾನ ಕೈಯಿಂದ ಜಾರಿ ಬಿತ್ತು, ಮಂಡಿಯ ಮೇಲೆ ಕೂತಿದ್ದವನು ನೆಲದ ಮೇಲೇ ಕೂತುಬಿಟ್ಟ. ಮೂರು ಜನ, ಒಬ್ಬರಿಗೊಬ್ಬರು ಹೇಳದೆ, ಕದ್ದು ಕದ್ದು, ಒಂದೇ ಟ್ಯಾಂಕಿಗೆ ಒಂದೇ ಭಯವನ್ನು ಸುರಿದಿದ್ದರು. ಎಂಜಿನ್ನು ಕಚ್ಚಿಕೊಳ್ಳದಿದ್ದುದೇ ಪುಣ್ಯ. ಆದದ್ದೇನೆಂದು ಅವನು ಹೇಳಹೊರಟ. ತೂತು, ಆಯಿಲ್ಲು, ಪೆಟ್ರೋಲು ಎಂದು ನಗುವಿನ ನಡುವೆ ತುಂಡು ತುಂಡಾಗಿ ಹೇಳಿದ. ಯತೀಶನಿಗೆ ಅರ್ಥವಾಗುವಷ್ಟರಲ್ಲಿ ಅವನೂ ಪೆಟ್ಟಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ. "ನೀನು ಗಾಡಿ ಮಾರಿ ಅಂತಿದ್ದೋಳು ಕಣೇ! ಮಾರೋ ಗಾಡಿಗೆ ಬಾಟ್ಲಿಗಟ್ಲೆ ಸುರುದ್ಬುಟ್ಟಿದೀಯಲ್ಲೇ!" ರೂಪಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ತಡೆಯಲಾಗಲಿಲ್ಲ.

ಚೆಲುವರಾಜು ಟ್ಯಾಂಕನ್ನು ಬರಿದು ಮಾಡಿದ. ಬಟ್ಟಲುಗಳನ್ನು, ಜೆಟ್ಟುಗಳನ್ನು ತೊಳೆದ. ದೊಡ್ಡ ಜೆಟ್ಟುಗಳನ್ನು ತೆಗೆದು ಬೆಳಿಗ್ಗೆ ಮೊದಲು ಹಾಕಿದ್ದವನ್ನೇ ವಾಪಸ್ಸು ಕೂರಿಸಿದ. ರೂಪಶ್ರೀಯೇ ಬಂಕಿಗೆ ಹೋಗಿ ಅಂಗಡಿಯ ಡಬ್ಬದಲ್ಲಿ ಹೊಸ ಪೆಟ್ರೋಲು ತಂದಳು. ತಂದವಳು ಹೊರಡಲಿಲ್ಲ, ಸ್ಕೂಟರಿನಿಂದ ಇಳಿದು ಪಕ್ಕದಲ್ಲೇ ನಿಂತಳು. ಚೆಲುವರಾಜು ಅಳತೆಯ ಲೋಟಕ್ಕೆ ಆಯಿಲ್ಲು ಹೊಯ್ದು ಗೆರೆಯ ಮಟ್ಟಕ್ಕೆ ನಿಲ್ಲಿಸಿ, ಪೆಟ್ರೋಲಿಗೆ ಸುರಿದ. ಲೋಟ ಖಾಲಿಯಾಯಿತು. ಬಲಗೈಯಲ್ಲಿ ಬಾಟ್ಲಿ ಹಾಗೇ ಇತ್ತು, ಮುಚ್ಚಳ ಇನ್ನೂ ಹಾಕಿರಲಿಲ್ಲ. ಕೈ ತಾನಾಗಿ ಬಗ್ಗತೊಡಗಿದ್ದನ್ನು ಅವನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ಬಾಟ್ಲಿಯ ಬಾಯಂಚಿಗೆ ಒಂದು ತೊಟ್ಟು ಬಂದು, ತುಂಬಿಕೊಂಡು, ಬೀಳಲೋ ಬೇಡವೋ ಎಂದು ತೂಗಾಡಿತು. ಇಬ್ಬರೂ ನೋಡುತ್ತಿದ್ದಾರೆ. ಬೀಳಿಸಿದರೆ ಅವರಿಗೆ ಸಮಾಧಾನ. ಇದನ್ನು ಬೀಳಿಸದೆ ಏನಾದರೂ ಆದರೆ, ಅವತ್ತು ಊರು ಅಂದದ್ದೇ ನಿಜವಾಗಿಬಿಡುತ್ತದೆ, ತಾನು ಕಮ್ಮಿ ಹಾಕಿದವನೇ ಆಗಿಬಿಡುತ್ತೇನೆ. ಆಗಲಿ. ಬೆರಳಿನಿಂದ ಬಾಯಂಚನ್ನು ಒರೆಸಿ, ಮುಚ್ಚಳ ಹಾಕಿ, ಬಾಟ್ಲಿಯನ್ನು ಯತೀಶನ ಕೈಗೆ ಕೊಟ್ಟ.

"ಹಿಡ್ಕ. ಇಬ್ರೂ ಮುಟ್ಬ್ಯಾಡಿ."

"ಎಲ್ಲಿಗ್ ಓಯ್ತೀಯ?"

"ಏರಿಗೆ."

ಯತೀಶ ಬಾಟ್ಲಿ ಹಿಡಿದುಕೊಂಡೇ ಪೆಟ್ಟಿಗೆಯಿಂದ ಎದ್ದು ಸ್ಕೂಟರಿನ ಕಡೆ ಕಾಲೆಳೆದ. "ಹಿಂದಿಂದೇ ಬತ್ತೀವಿ," ಎಂದಳು ರೂಪಶ್ರೀ.

ಶಾಲೆಯ ತಿರುವು ಬಂತು, ಹಿಂದಕ್ಕೆ ಹೋಯಿತು. ಏರಿಯ ರಸ್ತೆ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆ ಇಟ್ಟುಕೊಂಡು ನೆಟ್ಟಗೆ ಮಲಗಿತ್ತು. ಮೂರನೇ ಗೇರಿಗೆ ಹಾಕಿದ. ಕರೀ ಗೆರೆ ಎಲ್ಲಿತ್ತು? ಆರೇಳು ವರ್ಷದಲ್ಲಿ ಡಾಂಬರನ್ನು ಮತ್ತೆ ಮತ್ತೆ ಹಾಕಿದ್ದಾರೆ, ಆದರೂ ಅವನಿಗೆ ರಸ್ತೆಯುದ್ದಕ್ಕೂ ಅದೇ ಕಂಡಿತು, ಹುಣಿಸೆಮರದ ನೆರಳು ಅಡ್ಡ ಬಿದ್ದಲ್ಲೆಲ್ಲ ಅದೇ. ರೇಸು ಅರ್ಧಕ್ಕೆ ಬಂತು. ಇಲ್ಲಿಯವರೆಗೆ ಎಲ್ಲವೂ ಸುಳ್ಳು ಹೇಳಬಹುದು, ಅಂಗಡಿಯ ಮುಂದೆ ನಿಂತ ಗಾಡಿಯ ಹಾಗೆ, ಸುತ್ತ ನಿಂತು ಭೇಷ್ ಅಂದವರ ಹಾಗೆ. ಇದರಾಚೆಗೆ ಹೋಗಿದ್ದರೆ ಅವತ್ತು ಬೀಳುತ್ತಿದ್ದವನು ತಾನು. ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಷ್ಟು ಸಲ ಅನ್ನಿಸಿಲ್ಲ. ಹಾಸಿಗೆಯಲ್ಲಿ, ಊಟದ ತಟ್ಟೆಯ ಮುಂದೆ, ಯತೀಶ ಸ್ಕೂಟರಿನಿಂದ ಕಾಲಿಳಿಸಲು ಒದ್ದಾಡುವಾಗ. ಅವನು ಮಣಿಕಟ್ಟನ್ನು ತಿರುಗಿಸಿದ, ಇನ್ನು ತಿರುಗಲಾರದು ಅನ್ನುವವರೆಗೆ. ಗಾಡಿ ತಡವರಿಸಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಕಾದು, ಆಮೇಲೆ ಕೆಳಗಿನಿಂದ ಯಾರೋ ಎತ್ತಿ ಎಸೆದಂತೆ ಮುಂದಕ್ಕೆ ಹಾರಿತು. ಎರಡು ಸಿಲಿಂಡರೂ ಒಂದೇ ಗಂಟಲಾಗಿ ಕೂಗಿದವು, ಮುಂದಿನ ಚಕ್ರ ನೆಲದ ಭಾರ ಮರೆತಿತು, ಕಣ್ಣಲ್ಲಿ ನೀರು ಬಂದು ಕಿವಿಯ ಕಡೆಗೆ ಓಡಿತು. ನಾಲ್ಕನೇ ಗೇರು. ಹುಣಿಸೆಮರದ ನೆರಳುಗಳು ಒಂದರ ಮೇಲೊಂದು ಬಿದ್ದು, ಗೆರೆಗಳಾಗದೆ, ಬರೀ ತಂಪಾಗಿ ಮುಖಕ್ಕೆ ಬಡಿದವು. ಅಯ್ಯೋ ಎಂದು ಕೂಗಿದ. ಭಯವಲ್ಲ. ಮತ್ತೆ ಕೂಗಿದ, ಈ ಸಲ ಹೋಯ್ ಎಂದು, ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡುವ ಹಾಗೆ. ಪ್ಲಗ್ಗಿನ ಮೇಲೆ ಈ ಉರಿಯ ಬಣ್ಣವೇ ಉಳಿಯಲೆಂದು, ರೇಸು ಪೂರ್ತಿ ಇದ್ದ ಹಾಗೇ ಕ್ಲಚ್ಚು ಹಿಡಿದು ಕೀ ತಿರುಗಿಸಿದ. ಸದ್ದು ಕತ್ತರಿಸಿದಂತೆ ನಿಂತಿತು. ಗಾಡಿ ಮಾತ್ರ ಹೋಗುತ್ತಲೇ ಇತ್ತು, ಗಾಳಿಯ ಸದ್ದಿನಲ್ಲಿ, ಸರಪಳಿಯ ಸಣ್ಣ ಗುನುಗಿನಲ್ಲಿ, ನೀರಹಕ್ಕಿಗಳ ಪಕ್ಕದಲ್ಲಿ. ಚಕ್ರ ಬೀಗ ಹಾಕಿಕೊಳ್ಳಲಿಲ್ಲ. ತನಗೆ ಬೇಕಾದಷ್ಟು ದೂರ ಉರುಳಿ, ಬೇಕಾದಲ್ಲಿ ತಾನಾಗಿ ನಿಂತಿತು.

ಸ್ಕೂಟರು ಬಂದು ನಿಲ್ಲುವ ಹೊತ್ತಿಗೆ ಅವನು ಎರಡೂ ಪ್ಲಗ್ಗು ಬಿಚ್ಚಿ ಬಟ್ಟೆಯ ಮೇಲೆ ಇಟ್ಟಿದ್ದ. ಯತೀಶ ಬಗ್ಗಿ ನೋಡಿದ. ಹೊಗೆಸೊಪ್ಪು ಬೆಳೆಯುವವನ ಕಣ್ಣು, ಬೆಂದ ಎಲೆಯ ಬಣ್ಣ ನೋಡಿ ಅದರ ದರ್ಜೆ ಹೇಳುವ ಕಣ್ಣು.

"ಎರ್ಡೂ ಒಂದೇ ಬಣ್ಣ," ಎಂದ. "ಎಲೇಲಿ ಇಂಗ್ ಬಂದ್ರೆ ನಾನು ಹರಾಜಿಗೇ ತಗಂಡೋಗಕಿಲ್ಲ ಕಣ್ಲಾ, ಮನೇಲಿ ತೂಗಾಕ್ಕತೀನಿ." ದನಿ ಕೊನೆಯಲ್ಲಿ ಒಡೆಯಿತು. ಅದನ್ನು ಮುಚ್ಚಲು ಅವನು ನಗಲು ನೋಡಲಿಲ್ಲ.

ಚೆಲುವರಾಜು ಪ್ಲಗ್ಗುಗಳನ್ನು ಮತ್ತೆ ಕೂರಿಸಿದ. ಯತೀಶ ಹೆಂಡತಿಯ ಮುಖ ನೋಡಿದ. ಅವಳು ನೀರಿನ ಕಡೆ ನೋಡುತ್ತಾ, "ಮುಂದ್ಗಡೆ ಬ್ರೇಕೇ ಹಿಡೀಬೇಕು, ಆ ಕಾಲು ನಂಬ್ಕಬೇಡಿ," ಎಂದಳು. ಚೆಲುವರಾಜು ಗಾಡಿಯನ್ನು ಓರೆಯಾಗಿ ಹಿಡಿದ. ಯತೀಶ ಸೆಟೆದ ಕಾಲನ್ನು ಕೈಯಲ್ಲಿ ಎತ್ತಿ ಆಚೆಗೆ ದಾಟಿಸಿದ, ಕೂತ. ಕಿಕ್ಕರನ್ನು ಚೆಲುವರಾಜುವೇ ತುಳಿದ. "ಸೊಸೈಟಿಗಂಟ ಓಗಿ ಬತ್ತೀನಿ," ಎಂದದ್ದು ಅರ್ಧ ಕೇಳಿಸಿತು. ಗಾಡಿ ಹೊರಟಿತು, ಮೊದಲು ಎತ್ತಿನ ಗಾಡಿಯ ಹಾಗೆ, ಒಂದು ಸಲ ಓಲಾಡಿ, ಮತ್ತೆ ನೆಟ್ಟಗಾಗಿ. ಎರಡನೇ ಗೇರು. ಮೂರು. ಸದ್ದು ಏರಿಯ ತುದಿಯ ತೋಪಿನೊಳಗೆ ಹೊಕ್ಕು ಆಚೆಗೆ ಹೊರಟಿತು. ಚೆಲುವರಾಜು ಅದು ಎಲ್ಲಿ ಕತ್ತರಿಸುತ್ತದೋ ಎಂದು ಕಿವಿಗೊಟ್ಟ. ಅದು ಕತ್ತರಿಸಲಿಲ್ಲ. ದೂರವಾಯಿತು ಅಷ್ಟೆ, ಇನ್ನೂ ದೂರವಾಯಿತು.

"ಸೊಸೈಟಿ ದಾಟ್ಬುಟ್ರು ಕಣ್ರೀ!" ರೂಪಶ್ರೀ ಸ್ಕೂಟರಿಗೆ ಹಾರಿ ಕೂತಳು. "ಪಿರಿಯಾಪಟ್ಟಣಕ್ಕೇ ಓಯ್ತಾ ಅವ್ರೆ ಈವಯ್ಯ! ನಿಲ್ಸೋದೇ ಇಲ್ಲ ಇವತ್ತು! ಬತ್ತೀನಿ ಕಣಣ್ಣ, ಸಂಜೆ ಮನೇಗ್ ಬಾ, ಊಟಕ್ಕೆ!" ಅಂದವಳೇ ನಗುತ್ತಾ, ಬೈಯುತ್ತಾ, ಸೆರಗು ಹಾರಿಸಿಕೊಂಡು ಗಂಡನ ಹಿಂದೆ ಬಿದ್ದಳು.

ಏರಿಯ ಮೇಲೆ ಪ್ಲಗ್ಗಿನ ಪಾನ ಹಿಡಿದುಕೊಂಡು ಚೆಲುವರಾಜು ಒಬ್ಬನೇ ಉಳಿದ. ತನ್ನನ್ನು ಇಲ್ಲಿಗೆ ತಂದ ಗಾಡಿ ಹೋಯಿತು, ವಾಪಸ್ಸು ಒಯ್ಯಬೇಕಿದ್ದ ಸ್ಕೂಟರೂ ಹೋಯಿತು ಎಂದು ಹೊಳೆಯಲು ಒಂದಿಷ್ಟು ಹೊತ್ತು ಬೇಕಾಯಿತು. ಊರ ಕಡೆ ತಿರುಗಿ ನಡೆಯತೊಡಗಿದ. ಮಧ್ಯಾಹ್ನದ ಬಿಸಿಲು, ಬೆನ್ನು ಬೆವರಿ ಅಂಗಿ ಅಂಟಿಕೊಂಡಿತ್ತು, ಕಾಲಲ್ಲಿದ್ದುದು ಸವೆದ ಹವಾಯಿ ಚಪ್ಪಲಿ. ನಡಿಗೆ ಮಾತ್ರ ಮೆರವಣಿಗೆಯ ಮುಂದೆ ನಡೆಯುವವನದಾಗಿತ್ತು. ಹಿಂದಿನಿಂದ ಬಂದ ಬಸ್ಸು ಪಕ್ಕಕ್ಕೆ ನಿಧಾನಿಸಿತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಮಾದೇಶ ಎಣ್ಣೆಗೈಯನ್ನೂ ಪಾನವನ್ನೂ ನೋಡಿ ಕೂಗಿದ:

"ಯಾಕ್ ಚೆಲುವಣ್ಣಾ, ಬಿಸ್ಲಲ್ಲಿ ನಡ್ಕಂಡ್ ಓಯ್ತಾ ಇದೀಯಾ? ಗಾಡಿ ಕೆಟ್ಟೋಯ್ತಾ?"

"ಇಲ್ಲ ಕಣಪ್ಪಾ," ಎಂದ ಚೆಲುವರಾಜು, ನಿಲ್ಲದೆ. "ಸರಿಯಾಯ್ತು, ಅದುಕ್ಕೇ ನಡೀತಾವ್ನಿ."